ಮುಚ್ಚಿದ ಪೆಟ್ಟಿಗೆಯೊಳಗೆ ಹಾಡು ಹೊಕ್ಕ ಬಗೆ

2001ರ ಅಕ್ಟೋಬರ್ 23ರಂದು ಅಮೆರಿಕದ ಆಪಲ್ ಸಂಸ್ಥೆ ಇಸ್ಪೀಟು ಪ್ಯಾಕಿನಷ್ಟು ಗಾತ್ರದ ಒಂದು ಸಂಗೀತಯಂತ್ರವನ್ನು ಲೋಕಕ್ಕೆ ತೋರಿಸಿತು. ಐಪಾಡ್ ಎಂಬ ಆ ಪುಟ್ಟ ಯಂತ್ರದೊಳಗೆ ಸಾವಿರ ಹಾಡುಗಳು ಹಿಡಿಯುತ್ತಿದ್ದವು. ಮನೆಯ ಕಪಾಟಿನ ತುಂಬ ಪೇರಿಸಿಟ್ಟ ಕ್ಯಾಸೆಟ್ಟುಗಳೆಲ್ಲ ಜೇಬಿಗೆ ಬಂದಂತಾಯಿತು. ಆದರೆ ಅದನ್ನು ಕೊಂಡವರು ಕಾರು ಹತ್ತಿದಾಗ ವಿಚಿತ್ರವಾದ ತೊಡಕೊಂದು ಎದುರಾಯಿತು. ಕಾರಿನಲ್ಲಿ ನಾಲ್ಕು ಒಳ್ಳೆಯ ಸ್ಪೀಕರುಗಳಿದ್ದವು. ಅವನ್ನು ನುಡಿಸುವ ಆಂಪ್ಲಿಫೈಯರ್ ಇತ್ತು. ಜೇಬಿನಲ್ಲಿ ಸಾವಿರ ಹಾಡುಗಳಿದ್ದವು. ಇವೆರಡರ ನಡುವೆ ಒಂದು ತಂತಿ ಎಳೆಯೋಣವೆಂದರೆ, ಅದನ್ನು ಸಿಕ್ಕಿಸಲು ಒಂದು ತೂತು ಮಾತ್ರ ಇರಲಿಲ್ಲ.

ಇದು ಯಾರೋ ಒಬ್ಬ ಇಂಜಿನಿಯರನ ಮರೆವಿನಿಂದ ಆದದ್ದಲ್ಲ. ಒಂದು ಕಾರು ಹದಿನೈದು ವರ್ಷ ಓಡಬಹುದು. ಅಂಗಡಿಗೆ ಬರುವುದಕ್ಕೆ ಮೂರು ನಾಲ್ಕು ವರ್ಷ ಮೊದಲೇ ಅದರ ವಿನ್ಯಾಸ ಮುಗಿದಿರುತ್ತದೆ. ಸಂಗೀತ ನುಡಿಸುವ ಸಣ್ಣ ಯಂತ್ರಗಳ ಬಾಳು ಇದರ ಮೂರನೆಯ ಒಂದು ಪಾಲೂ ಇಲ್ಲ. ಹೀಗಾಗಿ ಕಾರ್ಖಾನೆಯಲ್ಲಿ ಕೂರಿಸಿದ ಸ್ಟೀರಿಯೊ ತನ್ನ ಕಾಲದ ಹಾಡಿನ ಬಗೆಯನ್ನಷ್ಟೇ ಬಲ್ಲದು. ಆಮೇಲೆ ಬಂದದ್ದೆಲ್ಲ ಅದಕ್ಕೆ ಕರೆಯದೆ ಬಂದ ನೆಂಟ. ಈ ನೆಂಟ ಒಳಗೆ ಬಂದದ್ದು ಬೇರೆ ಯಾವುದೋ ಕೆಲಸಕ್ಕೆಂದು ಇಟ್ಟಿದ್ದ ಬಾಗಿಲುಗಳಿಂದ ಎಂಬುದೇ ಇಲ್ಲಿನ ಸ್ವಾರಸ್ಯ.

ಮೊದಲು ಬಂದದ್ದು ರೇಡಿಯೊ

ಷಿಕಾಗೋದ ಪಾಲ್ ಗಾಲ್ವಿನ್ 1930ರಲ್ಲಿ ತನ್ನ ಸ್ಟೂಡ್‌ಬೇಕರ್ ಕಾರಿಗೆ ರೇಡಿಯೊ ಜೋಡಿಸಿಕೊಂಡು, ರೇಡಿಯೊ ತಯಾರಕರ ಸಮಾವೇಶ ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಹೋದ. ಸಮಾವೇಶದ ಹೊರಗೆ ಕಾರು ನಿಲ್ಲಿಸಿ ರೇಡಿಯೊ ಕೇಳಿಸಿ, ಬೇಡಿಕೆ ಪಡೆದುಕೊಂಡು ಬಂದ. ಆ ರೇಡಿಯೊಗೆ ಅವನಿಟ್ಟ ಹೆಸರು ಮೋಟೊರೋಲ. ಮುಂದೆ ಅದು ಕಂಪನಿಯ ಹೆಸರೇ ಆಯಿತು.

ರೇಡಿಯೊದಲ್ಲಿ ಕೇಳುಗನ ಆಯ್ಕೆಗೆ ಅವಕಾಶ ಕಡಿಮೆ. ತನ್ನ ಇಷ್ಟದ ಹಾಡನ್ನೇ ಕಾರಿನಲ್ಲಿ ಕೇಳಬೇಕೆಂಬ ಆಸೆಗೆ ಮೊದಲು ಉತ್ತರ ಹುಡುಕಿದ್ದು ಕ್ರೈಸ್ಲರ್ ಕಂಪನಿ. ತನ್ನ 1956ರ ಮಾದರಿಯ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಗ್ರಾಮಫೋನನ್ನೇ ಕೂರಿಸಿತು. ಎಲ್.ಪಿ. ತಟ್ಟೆಯನ್ನು ರೂಪಿಸಿದ ಪೀಟರ್ ಗೋಲ್ಡ್‌ಮಾರ್ಕ್ ಇದರ ಕರ್ತೃ. ಕಾರು ಕುಲುಕಿದರೂ ಮುಳ್ಳು ಜಾರದಂತೆ ಮಾಡಲಾಗಿತ್ತು. ಆದರೆ ತಟ್ಟೆ ನಿಮಿಷಕ್ಕೆ 16⅔ ಸುತ್ತು ತಿರುಗುವ ವಿಶೇಷ ಜಾತಿಯದು. ಅದನ್ನು ಹೊರತರುತ್ತಿದ್ದುದು ಕೊಲಂಬಿಯ ಎಂಬ ಒಂದೇ ಕಂಪನಿ. ಮನೆಯಲ್ಲಿದ್ದ ತಟ್ಟೆ ಕಾರಿಗಾಗದು. ಕೆಲವೇ ವರ್ಷಗಳಲ್ಲಿ ಆ ಯಂತ್ರ ಮೂಲೆಗೆ ಸೇರಿತು.

ಆಮೇಲೆ ಫೋರ್ಡ್ ಕಂಪನಿ 1966ರ ಮಾದರಿಯ ಕಾರುಗಳಲ್ಲಿ ಎಂಟು ಪಥದ ಟೇಪನ್ನು ತಂದಿತು. ದಪ್ಪ ಪುಸ್ತಕದಂತಿದ್ದ ಆ ಟೇಪು ಅಮೆರಿಕದಲ್ಲಿ ಒಂದು ದಶಕ ಮೆರೆಯಿತು. ಆದರೆ ಜಗತ್ತಿನ ಕಾರುಗಳನ್ನೆಲ್ಲ ಗೆದ್ದದ್ದು ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ತೋರಿಸಿದ ಪುಟ್ಟ ಕ್ಯಾಸೆಟ್. ಅದರ ಟೇಪಿನ ಅಗಲ 3.81 ಮಿ.ಮೀ.; ಓಡುವ ವೇಗ ಸೆಕೆಂಡಿಗೆ 4.76 ಸೆಂ.ಮೀ. ಈ ಅಳತೆಗಳನ್ನು ಬದಲಿಸದೆ ಪಾಲಿಸುವ ಷರತ್ತಿನ ಮೇಲೆ ಬೇರೆ ತಯಾರಕರೂ ಶುಲ್ಕವಿಲ್ಲದೆ ಕ್ಯಾಸೆಟ್ ಮಾಡಲು ಫಿಲಿಪ್ಸ್ ಒಪ್ಪಿಗೆ ಕೊಟ್ಟಿತು. ಹೀಗಾಗಿ ಜಪಾನಿನ ಕ್ಯಾಸೆಟ್ ಜರ್ಮನಿಯ ಕಾರಿನಲ್ಲಿ, ಅಂಗಡಿಯ ಕ್ಯಾಸೆಟ್ ಎಲ್ಲರ ಮನೆಯಲ್ಲಿ ಹಾಡಿತು. ಈ ನಿರ್ಧಾರದ ಫಲ ನಲವತ್ತು ವರ್ಷಗಳ ಬಳಿಕ, ಕ್ಯಾಸೆಟ್ಟೇ ಮಾಯವಾಗುತ್ತಿದ್ದ ಕಾಲದಲ್ಲಿ, ಇನ್ನೊಂದು ರೂಪದಲ್ಲಿ ಕಾಣಿಸಲಿತ್ತು.

ಪೆಟ್ಟಿಗೆಯ ಒಳಗೇನಿದೆ?

ಕಾರ್ ಸ್ಟೀರಿಯೊ ಹೊರಗಿನಿಂದ ಒಂದೇ ಪೆಟ್ಟಿಗೆಯಂತೆ ಕಂಡರೂ ಅದರೊಳಗೆ ಮೂರು ಹಂತಗಳಿವೆ. ಮೊದಲನೆಯದು ಹಾಡಿನ ಮೂಲ: ರೇಡಿಯೊ, ಕ್ಯಾಸೆಟ್ ಅಥವಾ ಸಿ.ಡಿ. ಎರಡನೆಯದು ಆ ಮೂಲಗಳಲ್ಲಿ ಒಂದನ್ನು ಆರಿಸಿ ಧ್ವನಿಯನ್ನು ಏರಿಸಿ ಇಳಿಸುವ ಭಾಗ. ಮೂರನೆಯದು ಸ್ಪೀಕರುಗಳಿಗೆ ಬಲ ಕೊಡುವ ಆಂಪ್ಲಿಫೈಯರ್. ಹೊರಗಿನ ಯಂತ್ರದ ಹಾಡು ಮೊದಲ ಹಂತಕ್ಕೂ ಎರಡನೆಯ ಹಂತಕ್ಕೂ ನಡುವೆ ಸೇರಬೇಕು. ಮನೆಯ ಟೇಪ್ ರೆಕಾರ್ಡರುಗಳ ಹಿಂಭಾಗದಲ್ಲಿ ಇದಕ್ಕೆಂದೇ ತೂತುಗಳಿರುತ್ತಿದ್ದವು. ಕಾರಿನಲ್ಲಿ ಅದರ ಅಗತ್ಯ ತಯಾರಕರಿಗೆ ಬಹುಕಾಲ ಕಾಣಲಿಲ್ಲ.

ಸ್ಟೀರಿಯೊವನ್ನೇ ಕಿತ್ತು ಹೊಸದನ್ನು ಹಾಕಬಹುದಲ್ಲ ಎಂದು ಕೇಳಬಹುದು. ಒಂದು ಕಾಲದಲ್ಲಿ ಅದು ಸುಲಭವಾಗಿತ್ತು. ಜರ್ಮನಿಯಲ್ಲಿ ಹುಟ್ಟಿ ಅಂತರರಾಷ್ಟ್ರೀಯ ಮಾನಕವಾದ ಡಿನ್ ಅಳತೆಯಂತೆ ಸ್ಟೀರಿಯೊ ಕೂರುವ ಕಿಂಡಿ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಯಾವ ಕಂಪನಿಯ ಪೆಟ್ಟಿಗೆಯಾದರೂ ಅದರಲ್ಲಿ ಕೂರುತ್ತಿತ್ತು. ಭಾರತದಲ್ಲಿ ಕಡಿಮೆ ಬೆಲೆಯ ಕಾರುಗಳು ಸ್ಟೀರಿಯೊ ಇಲ್ಲದೆಯೇ ಬರುತ್ತಿದ್ದ ವರ್ಷಗಳಲ್ಲಿ, ಹೊಸ ಕಾರು ಕೊಂಡವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ತಮಗೊಪ್ಪಿದ ಸ್ಟೀರಿಯೊ, ಸ್ಪೀಕರು ಹಾಕಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಈ ತೊಡಕು ಅಷ್ಟಾಗಿ ತಟ್ಟಲಿಲ್ಲ. ಕಾಲ ಬದಲಾದಾಗ ಪೆಟ್ಟಿಗೆಯನ್ನೂ ಬದಲಿಸಿದರಾಯಿತು.

ಆದರೆ 1990ರ ದಶಕದ ಕೊನೆಯ ಹೊತ್ತಿಗೆ ಅನೇಕ ಕಾರುಗಳಲ್ಲಿ ಸ್ಟೀರಿಯೊ ಡ್ಯಾಶ್‌ಬೋರ್ಡಿನ ಅಂಗವೇ ಆಗಿಬಿಟ್ಟಿತು. ಅದರ ಮುಖ ಡ್ಯಾಶ್‌ಬೋರ್ಡಿನ ಬಾಗಿಗೆ ತಕ್ಕಂತೆ ಬಾಗಿತು. ಗಡಿಯಾರವೂ ಹವಾನಿಯಂತ್ರಣದ ಸೂಚನೆಗಳೂ ಅದರ ಪರದೆಯ ಮೇಲೆಯೇ ಮೂಡತೊಡಗಿದವು. ಕಳ್ಳರ ಕಾಟ ತಪ್ಪಿಸಲು ಗುಪ್ತ ಸಂಖ್ಯೆಯ ಬೀಗ ಬಂತು. ಬ್ಯಾಟರಿಯ ತಂತಿ ಒಮ್ಮೆ ಕಳಚಿದರೆ ಆ ಸಂಖ್ಯೆ ಒತ್ತುವವರೆಗೆ ಸ್ಟೀರಿಯೊ ಬಾಯಿ ಬಿಡದು. ಇಂಥ ಪೆಟ್ಟಿಗೆಯನ್ನು ಕೀಳುವುದೆಂದರೆ ಗೋಡೆಯ ಕಲ್ಲನ್ನು ಕಿತ್ತಂತೆ. ಉಳಿದದ್ದು ಒಂದೇ ದಾರಿ. ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು ಅದಕ್ಕಿರುವ ಬಾಗಿಲುಗಳಲ್ಲಿ ಒಂದರಿಂದ ಒಳಹೊಗುವುದು.

ಕ್ಯಾಸೆಟ್ಟಿನ ವೇಷ

ಈ ಬಾಗಿಲುಗಳಲ್ಲಿ ಅತ್ಯಂತ ಜಾಣತನದ್ದು ಕ್ಯಾಸೆಟ್ ಅಡಾಪ್ಟರ್. 1980ರ ದಶಕದಲ್ಲಿ, ಕೈಯಲ್ಲಿ ಹಿಡಿಯುವ ಸಿ.ಡಿ. ಪ್ಲೇಯರುಗಳು ಬಂದ ಕಾಲದಲ್ಲಿ, ಅಮೆರಿಕದ ಲ್ಯಾರಿ ಶಾಟ್ಸ್ ಎಂಬ ಇಂಜಿನಿಯರ್ ಇದನ್ನು ರೂಪಿಸಿದ. ನೋಡಲು ಸಾಧಾರಣ ಕ್ಯಾಸೆಟ್. ಅದರಿಂದ ಬಾಲದಂತೆ ಒಂದು ತಂತಿ ಹೊರಬಂದಿರುತ್ತದೆ. ತಂತಿಯ ತುದಿಯನ್ನು ಪ್ಲೇಯರಿನ ಹೆಡ್‌ಫೋನ್ ತೂತಿಗೆ ಸಿಕ್ಕಿಸಿ, ಕ್ಯಾಸೆಟ್ಟನ್ನು ಸ್ಟೀರಿಯೊದ ಬಾಯಿಗೆ ಹಾಕಿದರೆ ಹಾಡು ಹೊರಡುತ್ತದೆ.

ಟೇಪಿನ ಮೇಲೆ ಹಾಡು ಇರುವುದು ಕಾಂತದ ಏರಿಳಿತಗಳಾಗಿ. ಟೇಪು ಓಡುವಾಗ ಸ್ಟೀರಿಯೊದ ಹೆಡ್ ಆ ಏರಿಳಿತವನ್ನು ಗ್ರಹಿಸಿ ವಿದ್ಯುತ್ತಾಗಿ ಬದಲಿಸುತ್ತದೆ. ಅಡಾಪ್ಟರಿನೊಳಗೆ ಟೇಪೇ ಇಲ್ಲ. ಅದರ ಬದಲು, ಸ್ಟೀರಿಯೊದ ಹೆಡ್ಡಿಗೆ ಮುಖಾಮುಖಿಯಾಗಿ ಇನ್ನೊಂದು ಪುಟ್ಟ ಹೆಡ್ ಇದೆ. ಪ್ಲೇಯರಿನಿಂದ ಬಂದ ವಿದ್ಯುತ್ತು ಅದರ ಸುರುಳಿಯಲ್ಲಿ ಹರಿದಾಗ ಹಾಡಿಗೆ ತಕ್ಕಂತೆ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ತನ್ನ ಮುಂದೆ ಟೇಪು ಓಡುತ್ತಿದೆಯೋ, ಇನ್ನೊಂದು ಹೆಡ್ ಕುಳಿತಿದೆಯೋ ಎಂಬುದು ಸ್ಟೀರಿಯೊಗೆ ತಿಳಿಯದು. ಕಾಂತ ಏರಿಳಿದರೆ ಸಾಕು.

ಆದರೆ ಮೋಸ ಇಷ್ಟಕ್ಕೇ ಮುಗಿಯಲಿಲ್ಲ. ಕ್ಯಾಸೆಟ್ಟಿನ ಚಕ್ರ ತಿರುಗುವುದು ನಿಂತರೆ ಟೇಪು ಮುಗಿಯಿತೆಂದು ಭಾವಿಸಿ ಸ್ಟೀರಿಯೊ ಕ್ಯಾಸೆಟ್ಟನ್ನು ಹೊರಗೆ ಉಗುಳುತ್ತದೆ, ಇಲ್ಲವೇ ಇನ್ನೊಂದು ಮಗ್ಗುಲಿಗೆ ತಿರುಗಿಸುತ್ತದೆ. ಅದನ್ನು ನಂಬಿಸಲು ಅಡಾಪ್ಟರಿನೊಳಗೆ ಹಲ್ಲುಚಕ್ರಗಳ ಸಾಲನ್ನು ಇಡಬೇಕಾಯಿತು. ಒಂದು ಚಕ್ರ ತಿರುಗಿದರೆ ಇನ್ನೊಂದೂ ತಿರುಗುತ್ತದೆ. ಹಾಡಿನ ನಡುವೆ ನಿಶ್ಶಬ್ದ ಬಂದಾಗ ಕೇಳುವ ಕಟಕಟ ಸದ್ದು ಈ ಚಕ್ರಗಳದು. ಎಲ್ಲ ಕ್ಯಾಸೆಟ್ ಬಾಯಿಗಳ ಅಳತೆಯೂ ಒಂದೇ ಆದ್ದರಿಂದ ಒಂದೇ ಅಡಾಪ್ಟರ್ ಯಾವ ದೇಶದ ಕಾರಿಗಾದರೂ ಆಗುತ್ತಿತ್ತು. ಫಿಲಿಪ್ಸ್ ಕಂಪನಿಯ ಆ ನಿರ್ಧಾರ ಫಲ ಕೊಟ್ಟದ್ದು ಹೀಗೆ.

ಕಾರಿನೊಳಗೊಂದು ಆಕಾಶವಾಣಿ

ಕ್ಯಾಸೆಟ್ ಬಾಯಿ ಇಲ್ಲದ ಕಾರುಗಳಿಗೆ ಎರಡನೆಯ ಬಾಗಿಲು ರೇಡಿಯೊ. ಸಿಗರೇಟ್ ಲೈಟರಿನ ಕುಳಿಗೆ ಸಿಕ್ಕಿಸುವ ಸಣ್ಣ ಎಫ್.ಎಂ. ಟ್ರಾನ್ಸ್‌ಮಿಟರ್ ಜೇಬಿನ ಹಾಡನ್ನು ಪ್ರಸಾರ ಮಾಡುತ್ತದೆ. ಕೈಯಳತೆಯ ದೂರದಲ್ಲಿರುವ ಕಾರಿನ ರೇಡಿಯೊ ಅದನ್ನು ಹಿಡಿಯುತ್ತದೆ. ನಿಲಯದ ನಿರ್ದೇಶಕನೂ ಶ್ರೋತೃವೂ ಒಬ್ಬನೇ!

ಇಂಥ ನಿಲಯಕ್ಕೆ ಶಕ್ತಿ ತೀರ ಕಡಿಮೆ ಇರಬೇಕು, ಇಲ್ಲವಾದರೆ ಪಕ್ಕದ ಕಾರಿಗೂ ಮನೆಗೂ ಅದು ತೊಂದರೆ ಕೊಟ್ಟೀತು. ಬ್ರಿಟನ್ನಿನಲ್ಲಿ ಇವುಗಳ ಬಳಕೆ 2006ರ ಡಿಸೆಂಬರ್ 8ರವರೆಗೆ ಕಾನೂನಿಗೆ ವಿರುದ್ಧವಾಗಿತ್ತು. ಆ ದಿನದಿಂದ ಒಪ್ಪಿಗೆ ಸಿಕ್ಕರೂ ಶಕ್ತಿಯ ಮಿತಿ 50 ನ್ಯಾನೊವ್ಯಾಟ್, ಅಂದರೆ ಒಂದು ವ್ಯಾಟಿನ ಎರಡು ಕೋಟಿಯಲ್ಲಿ ಒಂದು ಪಾಲು.

ಇಷ್ಟು ಮೆಲುದನಿಯ ನಿಲಯಕ್ಕೆ ಖಾಲಿ ಜಾಗ ಬೇಕು. ಎಫ್.ಎಂ. ರೇಡಿಯೊದ ಒಂದು ಗುಣವೆಂದರೆ, ಒಂದೇ ಕಂಪನಾಂಕದಲ್ಲಿ ಎರಡು ನಿಲಯಗಳು ಬಂದರೆ ಅದು ಬಲವಾದದ್ದನ್ನು ಮಾತ್ರ ಹಿಡಿದು ಇನ್ನೊಂದನ್ನು ಅದುಮಿಬಿಡುತ್ತದೆ. ಹೆದ್ದಾರಿಯಲ್ಲಿ ಸೊಗಸಾಗಿ ಕೇಳುತ್ತಿದ್ದ ಹಾಡು ಊರು ಹತ್ತಿರವಾದಂತೆ ಕರಗಿ, ಅಲ್ಲಿ ಯಾವುದೋ ಜಾಹೀರಾತು ಮೊಳಗುವುದು ಇದೇ ಕಾರಣಕ್ಕೆ. ಭಾರತದ ಮೊದಲ ಖಾಸಗಿ ಎಫ್.ಎಂ. ನಿಲಯ 2001ರ ಜುಲೈನಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ. ಆಮೇಲಿನ ವರ್ಷಗಳಲ್ಲಿ 88ರಿಂದ 108 ಮೆಗಾಹರ್ಟ್ಸ್ ನಡುವಿನ ಪಟ್ಟಿ ನಗರದಲ್ಲಿ ನಿಲಯಗಳಿಂದ ತುಂಬುತ್ತ ಬಂತು. ಕಾರಿನ ಪುಟ್ಟ ನಿಲಯಕ್ಕೆ ಖಾಲಿ ನಿವೇಶನ ಸಿಗುವುದು ಅಷ್ಟಷ್ಟೇ ಕಷ್ಟವಾಯಿತು.

ಡಿಕ್ಕಿಯಲ್ಲಿ ಇಲ್ಲದ ಯಂತ್ರ

ಮೂರನೆಯ ಬಾಗಿಲು ಪೆಟ್ಟಿಗೆಯ ಬೆನ್ನಿನಲ್ಲಿತ್ತು. ಆ ಕಾಲದ ಅನೇಕ ಸ್ಟೀರಿಯೊಗಳಿಗೆ ಆರು ಅಥವಾ ಹತ್ತು ಸಿ.ಡಿ.ಗಳನ್ನು ಒಮ್ಮೆಗೇ ತುಂಬಿಡುವ ಚೇಂಜರ್ ಎಂಬ ಯಂತ್ರವನ್ನು ಜೋಡಿಸಬಹುದಿತ್ತು. ಅದು ಡಿಕ್ಕಿಯಲ್ಲಿ ಕೂರುತ್ತಿತ್ತು. ಎಷ್ಟೋ ಜನ ಅದನ್ನು ಕೊಳ್ಳಲೇ ಇಲ್ಲ; ಆದರೂ ಅದಕ್ಕಾಗಿ ಇಟ್ಟ ಸಾಕೆಟ್ ಸ್ಟೀರಿಯೊದ ಹಿಂದೆ ಖಾಲಿ ಬಿದ್ದಿತ್ತು.

ಆ ಸಾಕೆಟ್ಟಿಗೆ ಹಾಡಿನ ತಂತಿಯನ್ನು ಸುಮ್ಮನೆ ಸೇರಿಸಿದರೆ ಕೆಲಸ ಆಗುತ್ತಿರಲಿಲ್ಲ. ಡಿಕ್ಕಿಯಲ್ಲಿ ಚೇಂಜರ್ ಇದೆಯೇ, ಯಾವ ತಟ್ಟೆ ತಿರುಗುತ್ತಿದೆ, ಎಷ್ಟನೆಯ ಹಾಡು ಎಂದು ಸ್ಟೀರಿಯೊ ವಿದ್ಯುತ್ ಸಂಕೇತಗಳಲ್ಲಿ ವಿಚಾರಿಸುತ್ತದೆ. ಉತ್ತರ ಬಾರದಿದ್ದರೆ ಆ ಬಾಗಿಲನ್ನೇ ತೆರೆಯದು. ಆದ್ದರಿಂದ ತಾನೇ ಚೇಂಜರ್ ಎಂದು ಸುಳ್ಳು ಹೇಳುವ ಸಣ್ಣ ಪೆಟ್ಟಿಗೆಗಳು ಬಂದವು. 2004ರಲ್ಲಿ ಬಿ.ಎಂ.ಡಬ್ಲ್ಯು. ಕಂಪನಿಯೇ ಐಪಾಡ್ ಜೋಡಿಸುವ ಸಾಧನವನ್ನು ಹೊರತಂದಿತು. ಸಿ.ಡಿ. ಆರಿಸುವ ಗುಂಡಿಗಳು ಹಾಡುಗಳ ಪಟ್ಟಿಯನ್ನು ಆರಿಸುವ ಗುಂಡಿಗಳಾದವು. ಶಬ್ದ ಮಾತ್ರ ತಂತಿಯಲ್ಲಿ ನೇರವಾಗಿ ಬರುತ್ತಿದ್ದುದರಿಂದ ರೇಡಿಯೊದ ಗೊರಗೊರವೂ ಕ್ಯಾಸೆಟ್ಟಿನ ಕಟಕಟವೂ ಇರಲಿಲ್ಲ.

ಆದರೆ ಈ ಬಾಗಿಲಿಗೆ ಒಂದು ದೋಷವಿತ್ತು. ಒಂದೊಂದು ಕಾರು ಕಂಪನಿಯ ಸಂಕೇತಭಾಷೆ ಒಂದೊಂದು ಬಗೆ. ಒಂದು ಕಾರಿನ ಸಾಧನ ಇನ್ನೊಂದಕ್ಕಾಗದು. ಎಲ್ಲ ಕಾರುಗಳಿಗೂ ಒಂದೇ ಬೆಲೆಗೆ ಸಿಗುತ್ತಿದ್ದ ಕ್ಯಾಸೆಟ್ ಅಡಾಪ್ಟರಿಗೂ ಇದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಬೆಸುಗೆ ಹಾಕಲು ಬಲ್ಲ ಉತ್ಸಾಹಿಗಳು ಇನ್ನೊಂದು ಉಪಾಯ ಕಂಡುಕೊಂಡರು. ಸ್ಟೀರಿಯೊವನ್ನು ಬಿಚ್ಚಿ, ಸಿ.ಡಿ.ಯ ಶಬ್ದ ಹರಿಯುವ ದಾರಿಗೆ ತಮ್ಮ ತಂತಿಯನ್ನು ಸೇರಿಸಿದರು. ಸಿ.ಡಿ. ತಿರುಗದಿದ್ದರೆ ಆ ದಾರಿ ತೆರೆದುಕೊಳ್ಳದು. ಅದಕ್ಕಾಗಿ ಏನೂ ಶಬ್ದವಿಲ್ಲದ, ಬರೀ ಮೌನವನ್ನು ತುಂಬಿದ ಸಿ.ಡಿ.ಯೊಂದನ್ನು ಮಾಡಿ ಒಳಗೆ ಹಾಕಿದರು. ಸ್ಟೀರಿಯೊ ಶ್ರದ್ಧೆಯಿಂದ ಮೌನವನ್ನು ನುಡಿಸುತ್ತಿತ್ತು. ಆ ಮೌನದ ಮೇಲೆ ಜೇಬಿನ ಹಾಡು ಹರಿಯುತ್ತಿತ್ತು.

ಕೊನೆಗೂ ಒಂದು ತೂತು

2000ದ ದಶಕದ ನಡುವಿನಿಂದ ತಯಾರಕರು ಒಬ್ಬೊಬ್ಬರಾಗಿ ಡ್ಯಾಶ್‌ಬೋರ್ಡಿನಲ್ಲಿ 3.5 ಮಿ.ಮೀ.ನ ಸಾಮಾನ್ಯ ತೂತನ್ನು ಇಡತೊಡಗಿದರು. ಆಕ್ಸ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಅದಕ್ಕೆ ಹೋಗುವ ಪಿನ್ನಿನಲ್ಲಿ ಮೂರು ಭಾಗ: ತುದಿ ಎಡಕಿವಿಗೆ, ನಡುವಿನ ಉಂಗುರ ಬಲಕಿವಿಗೆ, ಬುಡ ಎರಡಕ್ಕೂ ಸೇರಿದ ನೆಲ. ಅದು ಯಾವ ಕಂಪನಿಯ ಪ್ಲೇಯರನ್ನೂ ವಿಚಾರಿಸುವುದಿಲ್ಲ. ಯಾವ ಭಾಷೆಯೂ ಅದಕ್ಕೆ ಬೇಡ.

ಈ ತೂತನ್ನು ಬಳಸುವವರಿಗೆ ಎರಡು ಸಂಗತಿ ತಿಳಿದಿದ್ದರೆ ಒಳ್ಳೆಯದು. ಪ್ಲೇಯರಿನ ಧ್ವನಿಯನ್ನು ಮುಕ್ಕಾಲು ಪಾಲಿಗಿಂತ ತುಸು ಮೇಲಿಟ್ಟು, ಉಳಿದ ಏರಿಳಿತವನ್ನು ಸ್ಟೀರಿಯೊದಲ್ಲಿ ಮಾಡಬೇಕು. ಪ್ಲೇಯರನ್ನು ತೀರ ಕಡಿಮೆ ಇಟ್ಟು ಸ್ಟೀರಿಯೊವನ್ನು ಏರಿಸಿದರೆ ಹಾಡಿನ ಜೊತೆಗೆ ಸುಯ್ಯೆನ್ನುವ ಸದ್ದೂ ಏರುತ್ತದೆ. ಪ್ಲೇಯರನ್ನು ಪೂರ್ತಿ ಏರಿಸಿದರೆ ಶಬ್ದ ಒಡೆಯಬಹುದು.

ಎರಡನೆಯದು, ಅನೇಕರನ್ನು ಕಾಡುವ ಕುಂಯ್‌ಗುಡುವ ಸದ್ದು. ಎಂಜಿನ್ನಿನ ವೇಗ ಏರಿದಂತೆ ಅದರ ಶ್ರುತಿಯೂ ಏರುತ್ತದೆ. ಕಾರಿನ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರಿನ ವಿದ್ಯುತ್ತು ಪೂರ್ತಿ ಸಮನಾಗಿರದೆ ಸಣ್ಣಗೆ ಅಲೆಯುತ್ತಿರುತ್ತದೆ. ಪ್ಲೇಯರನ್ನು ಒಂದು ಕಡೆ ಲೈಟರಿನ ಕುಳಿಗೂ ಇನ್ನೊಂದು ಕಡೆ ಸ್ಟೀರಿಯೊಗೂ ಜೋಡಿಸಿದಾಗ ಅದಕ್ಕೆ ನೆಲದ ಸಂಪರ್ಕ ಎರಡು ಕಡೆ ಸಿಗುತ್ತದೆ. ಆ ಎರಡು ನೆಲಗಳ ನಡುವಿನ ಅತ್ಯಲ್ಪ ವ್ಯತ್ಯಾಸವೇ ಹಾಡಿನೊಳಗೆ ಸದ್ದಾಗಿ ಸೇರುತ್ತದೆ. ಚಾರ್ಜರನ್ನು ಕಿತ್ತಾಗ ಸದ್ದು ನಿಂತರೆ ಕಾರಣ ಇದೇ ಎಂದು ತಿಳಿಯಬೇಕು. ತಂತಿಯ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ಐಸೊಲೇಟರ್ ಹಾಕಿದರೆ ಹಾಡು ದಾಟುತ್ತದೆ, ನೆಲದ ನಂಟು ತಪ್ಪುತ್ತದೆ. ಸದ್ದು ಬಂತೆಂದು ಸ್ಟೀರಿಯೊವನ್ನೋ ಸ್ಪೀಕರನ್ನೋ ಬದಲಿಸಿ ಹಣ ಕಳೆದುಕೊಳ್ಳಬೇಕಾಗಿಲ್ಲ.

ಬಾಗಿಲು ಯಾರದು?

ಆಕ್ಸ್ ತೂತಿನ ಬಾಳೂ ಅಲ್ಪವೇ ಆಯಿತು. ತಂತಿಯಿಲ್ಲದೆ ಸ್ಟೀರಿಯೊ ಶಬ್ದವನ್ನು ಕಳಿಸುವ ಬ್ಲೂಟೂತ್ ವ್ಯವಸ್ಥೆ 2003ರ ಹೊತ್ತಿಗೇ ರೂಪುಗೊಂಡಿತ್ತು. ಬರಬರುತ್ತ ಅದು ಕಾರುಗಳಿಗೂ ಬಂತು. ಪ್ರತ್ಯೇಕ ಸಂಗೀತಯಂತ್ರದ ಜಾಗವನ್ನು ಫೋನು ಹಿಡಿಯಿತು. 2016ರಲ್ಲಿ ಆಪಲ್ ತನ್ನ ಹೊಸ ಐಫೋನಿನಿಂದ ಹೆಡ್‌ಫೋನ್ ತೂತನ್ನೇ ತೆಗೆದುಹಾಕಿತು. ಕಾರುಗಳಲ್ಲಿಯೂ ಆ ತೂತು ಅಪರೂಪವಾಗುತ್ತಿದೆ. 2014 ಮತ್ತು 2015ರಲ್ಲಿ ಬಂದ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊಗಳಲ್ಲಿ ಫೋನಿನ ಮುಖವೇ ಕಾರಿನ ಪರದೆಯ ಮೇಲೆ ಮೂಡುತ್ತದೆ.

ಇಂದಿನ ಅನುಕೂಲ ಹಿಂದೆಂದೂ ಇರಲಿಲ್ಲ ಎಂಬುದು ನಿಜ. ಆದರೆ ಇಂದಿನ ಬಾಗಿಲುಗಳಲ್ಲಿ ಕೆಲವು ಚೇಂಜರ್ ಸಾಕೆಟ್ಟಿನ ಜಾತಿಗೆ ಸೇರಿದವು. ಕಾರಿನ ಕಂಪನಿ, ಫೋನಿನ ಕಂಪನಿ ಎರಡೂ ಒಪ್ಪಿ ಒಂದೇ ಭಾಷೆಯಾಡುವವರೆಗೆ ಅವು ತೆರೆದಿರುತ್ತವೆ. ತಂತ್ರಾಂಶ ಹಳತಾದ ದಿನ ಒಂದು ಕಡೆಯವರು ಮಾತು ನಿಲ್ಲಿಸಿದರೆ ಬಾಗಿಲು ಮುಚ್ಚಿತೆಂದೇ ಅರ್ಥ. ಸ್ಟೀರಿಯೊ ಈಗ ಪರದೆಯೂ ಆಗಿ, ಕಾರಿನ ಹತ್ತಾರು ವ್ಯವಸ್ಥೆಗಳ ಕೀಲಿಕೈಯೂ ಆಗಿರುವುದರಿಂದ ಅದನ್ನು ಕಿತ್ತು ಬೇರೆಯದನ್ನು ಕೂರಿಸುವುದು ಹಿಂದೆಂದಿಗಿಂತ ಕಷ್ಟ. ಕಾರು ಗಟ್ಟಿಯಾಗಿದ್ದರೂ ಅದರ ದನಿ ಅಡಗಿಹೋಗಬಹುದು.

ಅಮೆರಿಕದ ಮಾರುಕಟ್ಟೆಯಲ್ಲಿ ಕಾರ್ಖಾನೆಯಿಂದಲೇ ಕ್ಯಾಸೆಟ್ ಪ್ಲೇಯರ್ ಜೊತೆಗೆ ಬಂದ ಕೊನೆಯ ಕಾರು 2010ರ ಮಾದರಿಯ ಲೆಕ್ಸಸ್ ಎಂದು ಗುರುತಿಸಲಾಗಿದೆ. ಅಂಥ ಹಳೆಯ ಕಾರುಗಳಿಗಾಗಿ ಈಗ ಬ್ಲೂಟೂತ್ ಅಳವಡಿಸಿದ ಕ್ಯಾಸೆಟ್ ಅಡಾಪ್ಟರುಗಳು ಸಿಗುತ್ತವೆ. ಅವುಗಳಿಗೆ ಬಾಲದ ತಂತಿಯೂ ಇಲ್ಲ. ಇಂದಿನ ಫೋನಿನ ಹಾಡು ಗಾಳಿಯಲ್ಲಿ ಬಂದು, ಪ್ಲಾಸ್ಟಿಕ್ ಕ್ಯಾಸೆಟ್ಟಿನೊಳಗಿನ ಪುಟ್ಟ ಹೆಡ್ಡಿನಲ್ಲಿ ಕಾಂತವಾಗಿ, ಇಪ್ಪತ್ತೈದು ವರ್ಷ ಹಳೆಯ ಸ್ಟೀರಿಯೊದಲ್ಲಿ ನುಡಿಯುತ್ತದೆ. ಅರುವತ್ತು ವರ್ಷಗಳ ಹಿಂದೆ ಅಳತೆಗಳನ್ನು ಬಚ್ಚಿಡದೆ ಎಲ್ಲರ ಮುಂದಿಟ್ಟದ್ದರಿಂದ ಆ ಬಾಗಿಲು ಇನ್ನೂ ಮುಚ್ಚಿಲ್ಲ. ಇಂದು ಶೋರೂಮಿನಿಂದ ಹೊರಬರುವ ಕಾರು 2040ರಲ್ಲಿಯೂ ರಸ್ತೆಯ ಮೇಲಿರಬಹುದು. ಆ ಹೊತ್ತಿಗೆ ಬರುವ ಹೊಸ ನೆಂಟನಿಗೆ ಅದರಲ್ಲಿ ಯಾವ ಬಾಗಿಲು ತೆರೆದಿರುತ್ತದೆ ಎಂಬುದನ್ನು, ಕಾರು ಕೊಳ್ಳುವವರು ಅದರ ಬಣ್ಣ ಕೇಳುವಾಗಲೇ ಕೇಳಿಬಿಡುವುದು ಒಳ್ಳೆಯದು.